ಮೂರನೇ ಬೂತಿನ ಹೆಂಗಸು

ಇವತ್ತಾದರೂ ಕಾರು ನಿಲ್ಲದಿರಲಿ. ಟೋಲ್ ಗೇಟ್ ಹತ್ತಿರವಾದಂತೆ ಅವಳು ಮನಸ್ಸಿನಲ್ಲೇ ಅಂದುಕೊಂಡಳು. ದುಪಟ್ಟಾ ಮೂಗಿನ ತನಕ ಏರಿತು. ತೊಡೆಯ ಮೇಲೆ, ಅಮ್ಮ ಬೆಳಗಿನ ಐದಕ್ಕೇ ಕಟ್ಟಿಟ್ಟು ಹೋದ ಊಟದ ಡಬ್ಬಿ.

ಗಣಿತದ ಮೇಷ್ಟ್ರ ಕಾರು. ಮುಂದೆ ಡ್ರಾಯಿಂಗ್ ಟೀಚರ್, ಹಿಂದೆ ಅವಳು, ಶಾಲೆಗೆ ಸೇರಿ ಆರು ತಿಂಗಳಾದ ಪುಟ್ಟ ಟೀಚರ್. ಮೇಷ್ಟ್ರಿಗೆ ಮೂರನೇ ಬೂತೇ ಆಗಬೇಕು. ಅಲ್ಲಿ ಸಾಲು ಬೇಗ ಕರಗುತ್ತದಂತೆ.

ಅಲ್ಲಿ ಕೂತ ಹೆಂಗಸು ಚೀಟಿ ಕೊಡುವಾಗ ಹಿಂದಿನ ಸೀಟಿನತ್ತ ಕಣ್ಣು ಹಾಯಿಸುತ್ತಿದ್ದಳು. ಒಂದೇ ಸಲ, ಆದರೆ ದಿನಾ. ಆ ಹೆಂಗಸು ಬಾಯಿಬಿಟ್ಟರೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಮುಖ ತೋರಿಸುವುದು ಹೇಗೆ?

ಅದಕ್ಕೇ ಮೇಷ್ಟ್ರಿಗೆ ದುಂಬಾಲು ಬಿದ್ದು, ಟೋಲ್ ತಾನೇ ಕಟ್ಟಿಕೊಳ್ಳುವ ಫಾಸ್ಟ್ಯಾಗ್ ತರಿಸಿದ್ದಳು. ನಿನ್ನೆ ಗಾಜಿಗೆ ಅಂಟಿಸಿದ್ದೂ ಅವಳೇ. ಇನ್ನು ಗೇಟು ತಾನೇ ಏಳುತ್ತದೆ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ.

ಗೇಟು ಏಳಲಿಲ್ಲ.

"ಏನ್ ಪುಟ್ಟ ಟೀಚರ್, ನಿಮ್ಮ ಕೈಗುಣ!" ಮೇಷ್ಟ್ರು ನಕ್ಕರು. ಹಿಂದೆ ಹಾರ್ನುಗಳು ಶುರುವಾದವು.

ಆ ಹೆಂಗಸೇ ಸ್ಕ್ಯಾನರ್ ಹಿಡಿದು ಇಳಿದು ಬಂದಳು. ಗಾಜಿನತ್ತ ಬಗ್ಗಿದಳು.

"ಟ್ಯಾಗು ಮಡಚಿಕೊಂಡಿದೆ ಸಾರ್. ಅಂಟಿಸಿದವರಿಗೆ ತುಂಬಾ ಅವಸರ ಇತ್ತೇನೋ."

"ಇನ್ಮೇಲೆ ನಿಮಗೂ ಆರಾಮ ಅಲ್ವೇನಮ್ಮಾ?" ಡ್ರಾಯಿಂಗ್ ಟೀಚರ್ ಕೇಳಿದರು.

"ಆರಾಮೇ. ನಾಳೆಯಿಂದ ಬರಬೇಡಿ ಅಂದಿದಾರೆ. ಬೂತ್ ತೆಗೀತಾರಂತೆ."

ಹಿಂದಿನ ಸೀಟಿನಲ್ಲಿ ಡಬ್ಬಿ ಜಾರಿತು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರಿಗೆ ತಮಾಷೆ. "ನಮ್ಮ ಪುಟ್ಟ ಟೀಚರನ್ನ ದಿನಾ ಬಗ್ಗಿ ನೋಡ್ತಿದ್ರಲ್ಲ, ಪರಿಚಯನಾ?"

ಹೆಂಗಸು ತಲೆ ಎತ್ತಲಿಲ್ಲ. "ಅಯ್ಯೋ, ದಿನಕ್ಕೆ ಸಾವಿರ ಮುಖ ಸಾರ್. ಎಲ್ಲಿ ನೆನಪಿರತ್ತೆ?"

ಸ್ಕ್ಯಾನರ್ ಕೀಂ ಎಂದಿತು. ಗೇಟು ಎದ್ದಿತು. ಕಾರು ಹೊರಟಿತು.

"ಪಾಪ," ಡ್ರಾಯಿಂಗ್ ಟೀಚರ್ ಹಿಂದೆ ತಿರುಗಿದರು. "ನಿಮ್ಮಮ್ಮನಿಗೆ ಈ ಚಿಂತೆ ಇಲ್ಲ ಬಿಡಿ. ಬ್ಯಾಂಕ್ ಕೌಂಟರು, ಕಾಯಂ ಕೆಲಸ."

ಅಮ್ಮನದು ಕೌಂಟರಿನ ಕೆಲಸ ಅಂದಿದ್ದಳಷ್ಟೇ ಅವಳು. ಬ್ಯಾಂಕು ಅವರೇ ಸೇರಿಸಿಕೊಂಡದ್ದು. ಅವಳು ತಿದ್ದಿರಲಿಲ್ಲ.

ಹಿಂದಿನ ಗಾಜಿನಾಚೆ ಆ ಹೆಂಗಸು ಇನ್ನೂ ನಿಂತಿದ್ದಳು, ಬೆನ್ನು ತಿರುಗಿಸಿಕೊಂಡು.

ಅವಳು ದುಪಟ್ಟಾ ಕೆಳಗಿಳಿಸಿದಳು.

"ಕಾರು ನಿಲ್ಲಿಸಿ ಸಾರ್. ಅದು ನಮ್ಮಮ್ಮ."