ಮೇಲೆ ಹೋಗುವ ಸರದಿ

ರೈಲು ಅರ್ಧ ದಿನ ತಡವಾಗಿ ಬಂತು. ಹಿರಿಯರ ರಿಯಾಯಿತಿ ನಿಂತುಹೋಗಿದ್ದರಿಂದ ಅಜ್ಜಿ ಪೂರ್ತಿ ದುಡ್ಡು ಕೊಟ್ಟೇ ಟಿಕೆಟ್ ತೆಗೆಸಿದ್ದರು. ಆದರೂ ಸಿಕ್ಕಿದ್ದು ಮೇಲಿನ ಬರ್ತು. ಹತ್ತಲು ಮಂಡಿ ಒಪ್ಪುತ್ತಿರಲಿಲ್ಲ.

ಕೆಳಗಿನ ಬರ್ತಿನಲ್ಲಿ ಆಗಲೇ ಮಲಗಿದ್ದ ಯುವಕನನ್ನು ಕೇಳಿದರು, "ಮಗಾ, ನೀನು ಮೇಲೆ ಹೋಗ್ತೀಯಾ?"

"ವಯಸ್ಸಾದವರು ಇರುವಾಗ ನಾನ್ಯಾಕಜ್ಜಿ ಮೊದಲು ಮೇಲೆ ಹೋಗ್ಲಿ?" ಎಂದು ಅವನು ಕಿಸಕ್ಕನೆ ನಕ್ಕ.

"ಅದೂ ಸರಿಯೇ. ಹಾಗಾದ್ರೆ ಇಲ್ಲೇ ನಿನ್ನ ಕಾಲ ಹತ್ರ ಕೂತು, ಬೆಳಗಾಗೋವರೆಗೂ ಪುರಾಣ ಹೇಳ್ಕೋತೀನಿ."

"ಹೇಳಿ, ಹೇಳಿ, ನನಗೂ ಪುಣ್ಯ ಬರ್ಲಿ. ಯಾವ ಪುರಾಣ?"

"ಸಾವಾದ ಮನೇಲಿ ಹೆಣ ಎತ್ತಿದ ಮೇಲೆ ಓದಿಸ್ತಾರಲ್ಲ, ಅದು. ಮಲಗಿರೋರ ಪಕ್ಕ ಹೇಳಬಾರದು ಅಂತಾರೆ. ನೀನು ಓದಿದವನು, ಅದನ್ನೆಲ್ಲ ನಂಬೋದಿಲ್ಲ ಬಿಡು."

ಅಜ್ಜಿ ಗಂಟಲು ಸರಿಮಾಡಿಕೊಂಡರು. ಯುವಕ ದಿಂಬು ಬಗಲಲ್ಲಿಟ್ಟುಕೊಂಡು ಮೇಲಕ್ಕೆ ಹತ್ತಿದ.

ಕೆಳಗೆ ಕಾಲು ಚಾಚಿದ ಅಜ್ಜಿಯನ್ನು ಎದುರು ಬರ್ತಿನ ಹೆಂಗಸು ಮೆಲ್ಲಗೆ ಕೇಳಿದಳು, "ಅಷ್ಟೂ ಪುರಾಣ ಬಾಯಿಗೆ ಬರುತ್ತಾ ಅಜ್ಜಿ?"

"ಎಲ್ಲೀ ಪುರಾಣ ತಾಯಿ! ನನಗೆ ಬರೋದು ಜೋಗುಳ ಒಂದೇ."