ಟವಲ್ ಹಾಕಿದ ಸೀಟು

"ಇನ್ನು ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ" ಎಂದು ಪ್ರಯಾಣಿಕರ ಸಂಘದ ಅಧ್ಯಕ್ಷ ಶಿವಲಿಂಗಪ್ಪ ಮತ್ತೊಮ್ಮೆ ಹೇಳಿದಾಗ, ವೇದಿಕೆಯ ಮೇಲಿದ್ದ ಕಂಡಕ್ಟರ್ ಸೋಮಪ್ಪನಿಗೆ ತಲೆಯ ಪೇಟ ಕಿತ್ತೆಸೆಯಬೇಕೆನಿಸಿತು. ನಿವೃತ್ತಿಯ ಬೀಳ್ಕೊಡುಗೆ ಅವನದೇ. ಆದರೆ ಬಿಟ್ಟು ಕಳಿಸುವವರೇ ಇಲ್ಲ!

ಶಾಮಿಯಾನದ ಎದುರಿಗೇ, ಬೈಲಹೊಂಗಲದ ನಿಲ್ದಾಣದಲ್ಲಿ, ಯರಗಟ್ಟಿ ಬಸ್ಸು ನಿಂತಿತ್ತು. ಕಿಟಕಿಯ ಬಳಿ ಹೆಂಡತಿ ಗುರುಬಸವ್ವ. ಪಕ್ಕದ ಸೀಟಿಗೆ ಅವನ ಟವಲ್ ಹಾಕಿ ಕಾಯುತ್ತಿದ್ದಳು. ಇಬ್ಬರೂ ಮಗಳ ಮನೆಗೆ ಹೊರಟಿದ್ದರು. ಮದುವೆಯಾದಾಗಿನಿಂದ ಇವನು ಬಸ್ಸಿನಲ್ಲಿ ನಿಂತವನೇ ಹೊರತು ಅವಳ ಪಕ್ಕ ಒಂದು ದಿನವೂ ಕುಳಿತವನಲ್ಲ. ಇವತ್ತು ಕೂಡುತ್ತೇನೆಂದು ಮಾತು ಕೊಟ್ಟಿದ್ದ.

"ಅಕ್ಕಾರ, ಬಸ್ ಹೊಂಟೈತ್ರಿ. ಅಧ್ಯಕ್ಷರಿಗೆ ಸ್ವಲ್ಪ ಹೇಳ್ರಿ" ಎಂದು ಪಕ್ಕದಲ್ಲಿದ್ದ ಕಾರ್ಯದರ್ಶಿ ನಾಗರತ್ನಾಗೆ ಪಿಸುಗುಟ್ಟಿದ.

"ಚೂರ ತಡೀರಿ ಅಣ್ಣಾರ. ಅವರಿನ್ನೂ ಚಕ್ಕಡಿ ಕಾಲದಾಗ ಅದಾರ."

ಭಾಷಣದಲ್ಲಿ ಬಸ್ಸಿಗೂ ಮುಂಚಿನ ಎತ್ತಿನ ಚಕ್ಕಡಿಯ ಕಾಲ ಮುಗಿಯಿತು. ಬಳಿಕ 'ಮಾತು ಬೆಳ್ಳಿ, ಮೌನ ಬಂಗಾರ' ಎಂಬುದರ ವಿವರಣೆ ಶುರುವಾಯಿತು. ಅದಕ್ಕೇ ಅರ್ಧ ತಾಸು ಹಿಡಿಯಿತು. ಹಳೆಯ ಜೊತೆಗಾರ ಸೋಮಪ್ಪನಿಗಾಗಿ ಬಸ್ಸು ತಡೆದು ನಿಲ್ಲಿಸಿದ್ದ ಡ್ರೈವರ್ ಲಗಮಪ್ಪ ಹಾರ್ನ್ ಮೇಲೆ ಹಾರ್ನ್ ಹಾಕಿದ. ಒಳಗಿದ್ದ ಮಂದಿ ಅವನನ್ನು ಬೈಯತೊಡಗಿದರು.

ಕೊನೆಗೂ ಮೈಕು ಸೋಮಪ್ಪನ ಕೈಗೆ ಬಂತು. ಹೇಳಬೇಕೆಂದಿದ್ದ ಕೃತಜ್ಞತೆಯೆಲ್ಲ ಸಿಟ್ಟಿನಲ್ಲಿ ಕೊಚ್ಚಿಹೋಗಿತ್ತು. ಬಸ್ಸು ಬಿಡಲು ಜೀವಮಾನವಿಡೀ ಕೂಗಿದ ಮಾತೊಂದೇ ಬಾಯಿಗೆ ಬಂತು.

"ರೈಟ್!"

ಧ್ವನಿವರ್ಧಕ ನಿಲ್ದಾಣದ ತುಂಬ ಮೊಳಗಿತು. ಆ ದನಿಗೆ ಒಗ್ಗಿದ್ದ ಲಗಮಪ್ಪನ ಕಾಲು ತಲೆಯನ್ನು ಕೇಳಲಿಲ್ಲ. ಬಸ್ಸು ಹೊರಟೇಬಿಟ್ಟಿತು.

"ಏ ಲಗಮಪ್ಪಾ! ನಾ ಇನ್ನ ಹತ್ತಿಲ್ಲೋ!"

ಪೇಟ, ಶಾಲು, ಹಾರದ ಸಮೇತ ಸೋಮಪ್ಪ ವೇದಿಕೆಯಿಂದ ಧುಮುಕಿ ಓಡಿದ. ಹಿಂದಿನಿಂದ ಶಿವಲಿಂಗಪ್ಪನ ದನಿ ಮೈಕಿನಲ್ಲಿ ಕೇಳಿಸಿತು: "ಇವರ ಕರ್ತವ್ಯನಿಷ್ಠೆಯ ಬಗ್ಗೆ ಇನ್ನೆರಡು ಮಾತು..."

ಬಸ್ಸು ಗೇಟು ದಾಟುವಷ್ಟರಲ್ಲಿ ಗುರುಬಸವ್ವ ಕಿಟಕಿಯಿಂದ ತಲೆ ಹೊರಹಾಕಿದಳು. ಬಸ್ಸು ನಿಲ್ಲಿಸಲು ಗಂಡ ಕೂಗುತ್ತಿದ್ದ ಅದೇ ಮಾತು, ಅದೇ ಗಡಸು ದನಿ.

"ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಏದುಸಿರು ಬಿಡುತ್ತ ಹತ್ತಿದ ಸೋಮಪ್ಪ ಟವಲ್ ತೆಗೆದು ಅವಳ ಪಕ್ಕ ಕುಳಿತ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

"ಈ ಒಂದ ಮಾತ ಆ ಅಧ್ಯಕ್ಷಗ ಹೇಳಾಕ ನಿಮ್ಮ ಬಾಯಿಗಿ ಏನಾಗಿತ್ತರಿ?"