ಗೆರಟೆಯ ನೀರು

ತೆಕ್ಕಟ್ಟೆಯ ಸಂತೆಯಲ್ಲಿ ಹಸಿ ಬಳ್ಳಿಯ ಬುಟ್ಟಿಗಳ ವಾಸನೆ ಬಂದರೆ ಈಗಲೂ ನನಗೆ ಸುಮತಿ ನೆನಪಾಗುತ್ತಾಳೆ.

ಬುಟ್ಟಿ ಹೆಣೆಯುವ ಕೊರಗರ ಮನೆಯ ಹುಡುಗಿ. ಐದನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ಮಧ್ಯಾಹ್ನ ತಾಯಿಯ ಜೊತೆ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದಳು. ನಾನು ಓಡಿಹೋಗಿ ಚೊಂಬಿನಲ್ಲಿ ನೀರು ತಂದೆ.

"ಚೊಂಬ್ ಕೊಡ್ಬೇಡ ಹೆಣ್ಣೇ, ಗೆರಟಿಗೆ ಹೊಯ್," ಎಂದರು ಅಜ್ಜಿ.

"ಅದ್ ನನ್ ಕ್ಲಾಸಿನ್ ಹೆಣ್ಣ್, ಅಜ್ಜಿ."

"ಆಯ್ಲಿ. ಹೇಳ್ದಷ್ಟ್ ಮಾಡ್."

ತೆಂಗಿನ ಗೆರಟೆಗೆ ಮೇಲಿನಿಂದ ನೀರು ಹೊಯ್ದೆ. ಅವಳ ತಾಯಿ ಕುಡಿದರು. ಮತ್ತೆ ಹೊಯ್ಯಲು ಹೋದಾಗ ಸುಮತಿ ನನ್ನ ಮುಖವನ್ನೇ ನೋಡಿ, "ನಂಗ್ ಬ್ಯಾಡ" ಎಂದಳು.

ಅವರು ಹೋದ ಮೇಲೆ ಆ ಗೆರಟೆಯನ್ನು ಕೈಯಿಂದ ಮುಟ್ಟದೆ, ಕಾಲಿನಿಂದ ಬೇಲಿಯಾಚೆ ತಳ್ಳಿದೆ. ಹಾಗೆ ಮಾಡೆಂದು ಅಜ್ಜಿ ಹೇಳಿರಲಿಲ್ಲ.